ಎಡಕ್ಕೆ ಬಿದ್ದವನು

ನನ್ನ ಉಂಗುರದ ಬೆರಳಿಗೆ ಉಂಗುರ ಹೋಗುವುದಿಲ್ಲ.
ಎರಡು ಸಲ ಮುರಿದು ತನ್ನಷ್ಟಕ್ಕೆ ಕೂಡಿಕೊಂಡ ಗಂಟು.
ಮದುವೆಯ ದಿನ ಭಟ್ಟರು ಸೋಪು ತರಿಸಿ ನೋಡಿದರು,
ಆಮೇಲೆ ಕಿರುಬೆರಳೂ ನಡೆಯುತ್ತದೆ ಎಂದರು.

ಹದಿನಾಲ್ಕು ವರ್ಷ. ಐದು ಕ್ಲಬ್ಬು.
ಐದರಲ್ಲಿ ಮೂರು ಈಗ ಇಲ್ಲ.
ಒಂದರ ಮೈದಾನದಲ್ಲಿ ಕಾರುಗಳ ಶೋರೂಮು.
ಇನ್ನೊಂದರ ಮಾಲೀಕ, ನಮ್ಮ ಎರಡು ತಿಂಗಳ ಪಗಾರದ ಸಮೇತ,
ದುಬೈಯಲ್ಲಿದ್ದಾನೆ ಅಂತ ಕೆಲವರು,
ಫೋಂಡಾದಲ್ಲೇ ಇದ್ದಾನೆ ಅಂತ ಕೆಲವರು.

ಬೆಳಗಿನ ನಾಲ್ಕೂವರೆಗೆ ಬೈತಖೋಲದಿಂದ ಅಪ್ಪನ ದೋಣಿ,
ಐದೂ ಹತ್ತಕ್ಕೆ ನನ್ನ ಮಡಗಾಂವ ಬಸ್ಸು.
ಕಾಳಿ ಸೇತುವೆಯ ಮೇಲಿಂದ ನೋಡಿದರೆ
ಅವನ ದೀಪ ಯಾವುದು ಗೊತ್ತಾಗುತ್ತಿರಲಿಲ್ಲ,
ಯಾವುದೋ ಒಂದಕ್ಕೆ ಕೈ ಎತ್ತುತ್ತಿದ್ದೆ.

ಅವನಿಗೆ ನನ್ನ ಕೆಲಸ ಕೊನೆವರೆಗೂ ಅರ್ಥವಾಗಲಿಲ್ಲ.
'ಬಲೆ ಕಟ್ಟಿ, ಅದರ ಮುಂದೆ ನಿಂತು,
ಏನೂ ಬೀಳದ ಹಾಗೆ ಕಾಯುವುದು!
ಇದಕ್ಕೂ ಪಗಾರ ಕೊಡುತ್ತಾರಾ?'
ಕೊಡುತ್ತಿದ್ದರು ಅಪ್ಪ. ಒಂಬತ್ತು ಸಾವಿರ.
ಗೆದ್ದರೆ ಬಿರಿಯಾನಿ ಬೇರೆ.

ನಿಜ ಹೇಳಬೇಕೆಂದರೆ ಹೆಚ್ಚು ವರ್ಷ ನಾನು ಬೆಂಚಿನ ಗೋಲಿ.
ಮೊದಲನೆಯವನ ಮೈ ಬಿಸಿಯಾಗಲೆಂದು ಚೆಂಡು ಒದೆದು ಕೊಡುವವನು,
ಅವನ ಮೊಣಕಾಲಿನ ಬಗ್ಗೆ
ಅವನ ಹೆಂಡತಿಗಿಂತ ಹೆಚ್ಚು ಯೋಚಿಸಿದವನು.
ಅವನು ಕುಂಟಿದರೆ ಎದ್ದು ನಿಲ್ಲುತ್ತಿದ್ದೆ,
ಎದ್ದದ್ದಕ್ಕೆ ನಾಚಿ, ಬಗ್ಗಿ,
ಬಿಗಿಯಾಗಿಯೇ ಇದ್ದ ಲೇಸು ಬಿಗಿಯುತ್ತಿದ್ದೆ.

ಆ ಒಂದು ಪಂದ್ಯ.
ಎರಡನೇ ಡಿವಿಜನ್ನು. ಗೆದ್ದರೆ ಮೇಲೆ ಹೋಗುವುದಿಲ್ಲ,
ಸೋತರೆ ಕೆಳಗೆ.
ಎಂಬತ್ತೆಂಟನೇ ನಿಮಿಷ, ಪೆನಾಲ್ಟಿ.
ವಾಸ್ಕೋದ ಹುಡುಗ, ಹಣೆಯ ಮೇಲೆ ಬ್ಯಾಂಡೇಜು.
ಅವನ ಕಣ್ಣು ನನ್ನ ಎಡಕ್ಕೆ ಹೋಯಿತು. ನಾನೂ ಹೋದೆ.
ಬಾಯೊಳಗೆ ಮಣ್ಣು ಬಂದಾಗ
ಬಲಗಡೆಯ ಕಂಬ ಠಣ್ ಎಂದದ್ದು ಕೇಳಿಸಿತು,
ಗ್ಯಾಸ್ ಸಿಲಿಂಡರ್ ಇಳಿಸಿದ ಹಾಗೆ.
ಗೆರೆಯುದ್ದಕ್ಕೂ ಉರುಳಿ ಬಂದ ಚೆಂಡು
ಬಿದ್ದವನ ಹಿಮ್ಮಡಿಗೆ ತಾಗಿ ಹೊರಗೆ ಹೋಯಿತು.

ಮರುದಿನ ನಮ್ಮೂರ ಪೇಪರಿನ ಒಳಪುಟದಲ್ಲಿ
'ಪರೇಶ ತಾಂಡೇಲನ ಅದ್ಭುತ ತಡೆ'.
ನಾನು ಪುರ್ಸೊ ತಾಂಡೇಲ.
ಫೋಟೋದಲ್ಲಿ ನನ್ನ ಬೆನ್ನು ಮಾತ್ರ, ಇಪ್ಪತ್ತೆರಡು ನಂಬರು, ಕೆಸರು.

ಆಯಿಗೆ ಓದು ಬರುವುದಿಲ್ಲ.
ಅದನ್ನು ಲ್ಯಾಮಿನೇಶನ್ ಮಾಡಿಸಿ
ಮೀನು ಮಾರ್ಕೆಟ್ಟಿನಲ್ಲಿ ತಕ್ಕಡಿಯ ಪಕ್ಕ ಇಟ್ಟಳು.
ಬಂಗಡೆಗೆ ಬಂದವರಿಗೆಲ್ಲ, 'ಓದಿ ಹೇಳು'.
ವರ್ಷಗಟ್ಟಲೆ ಓದಿದರು.
ಒಬ್ಬರಾದರೂ ಪರೇಶ ಎನ್ನಲಿಲ್ಲವಂತೆ,
ಎಲ್ಲರೂ ಪುರ್ಸೊ ಎಂದೇ ಓದಿದರಂತೆ.

ನಿವೃತ್ತಿ ದೊಡ್ಡ ಆಟಗಾರರಿಗೆ.
ನಮಗೆ ಆಗಸ್ಟಿನಲ್ಲಿ ಫೋನು ಬರುವುದಿಲ್ಲ, ಅಷ್ಟೇ.
ಆಗಸ್ಟು ಹೋಯಿತು, ಗಣಪತಿಯೂ ಮುಳುಗಿದ,
ನಾನು ಐಸ್ ಫ್ಯಾಕ್ಟರಿಗೆ ಸೇರಿದೆ.
ಜಾರುಹಲಗೆಯ ಮೇಲೆ ಗಡ್ಡೆಗಳು ಇಳಿದು ಬರುವಾಗ
ಹಿಡಿಯುವ ಕೆಲಸ ನನ್ನದಲ್ಲ,
ಲೆಕ್ಕ ಬರೆಯುವುದು ನನ್ನದು,
ಆದರೂ ಕೈ ಮುಂದಾಗುತ್ತದೆ, ಪೆನ್ನು ಬೀಳುತ್ತದೆ.

ಸಂಜೆ ಕೋಡಿಬಾಗದ ಮರಳಲ್ಲಿ ಏಳೆಂಟು ಮಕ್ಕಳು,
ಕಂಬಕ್ಕೆ ನನ್ನ ಎರಡು ಚಪ್ಪಲಿ.
ಗೋಲಿಯಾಗಿ ಸಮೀಕ್ಷಾ ಹರಿಕಂತ್ರ, ಆರನೇ ಕ್ಲಾಸು.
ಗಾಯದ ಮೇಲೆ ಗಾಯ. ಅಳುವುದಿಲ್ಲ, ಬಯ್ಯುತ್ತಾಳೆ.
'ಯಾವ ಕಡೆ ಬೀಳಬೇಕು ಅಂತ ಹ್ಯಾಗೆ ಗೊತ್ತಾಗ್ತದೆ ಸರ್?
ನಿಮ್ಮ ಆಯಿ ಹತ್ರ ಇರೋ ಪೇಪರಿನಲ್ಲಿ ಹ್ಯಾಗೆ ಗೊತ್ತಾಯ್ತು?'

ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿದೆ.
ಮೂಗು ಒರೆಸಿಕೊಂಡು ಯೋಚಿಸಿದಳು.
'ಹಾಗಾದ್ರೆ ಹಿಮ್ಮಡಿ?'
ಹಿಮ್ಮಡಿ ನನ್ನದೇ, ಎಂದೆ.
'ಮತ್ತೆ!' ಎಂದು ಜಾಗಕ್ಕೆ ಓಡಿದಳು.

ಅಷ್ಟರಲ್ಲಿ ಒಂದು ತೆರೆ ಬಂದು
ಕಡಲ ಕಡೆಯ ಚಪ್ಪಲಿಯನ್ನು ಎತ್ತಿಕೊಂಡು ಹೋಯಿತು.
ಯಾರೂ ಆಟ ನಿಲ್ಲಿಸಲಿಲ್ಲ.
ಈಗ ಗೋಲು ಈ ಚಪ್ಪಲಿಯಿಂದ ಆ ದೇವಗಡದ ದೀಪದವರೆಗೆ.
ಅವಳು ಕೈ ಅಗಲಿಸಿ ನಿಂತಿದ್ದಾಳೆ.